ಗುಡ್ಡದ ಮರ ಮೇಲಕ್ಕೆ ಸರಿಯುತ್ತಿದೆಯೇ? ಸಸಿ ಎಣಿಸುವುದು ಹೀಗೆ

ನೂರು ಮೀಟರ್ ಏರಿದರೆ ತಾಪಮಾನ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಸೆಕೆ ಹೆಚ್ಚಿದಂತೆ ಕೆಳಗಿನ ಜಾತಿಗಳಿಗೆ ಮೇಲಿನ ಇಳಿಜಾರು ಹಿತವಾಗತೊಡಗುತ್ತದೆ. ದೊಡ್ಡ ಮರ ನಿಂತಲ್ಲೇ ನಿಂತಿರುತ್ತದೆ, ಅದನ್ನು ನೋಡಿ ಏನೂ ತಿಳಿಯದು. ಸಸಿ ಎಲ್ಲಿ ಉಳಿಯುತ್ತಿದೆ ಎಂದು ನೋಡಬೇಕು.

ಉದಾಹರಣೆಗೆ ಚಿತ್ರದುರ್ಗದ ಜೋಗಿಮಟ್ಟಿ ವನ್ಯಜೀವಿ ಧಾಮವನ್ನೇ ತೆಗೆದುಕೊಳ್ಳಿ. ಅಲ್ಲಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು. ಮಣ್ಣು ಕೆದಕುವುದನ್ನೂ ಅದರಲ್ಲಿ ಬರೆಸಿಕೊಳ್ಳಿ.

ಎಣಿಸಲು ಕಮರ, ದಿಂಡಿಗ, ಮುತ್ತುಗ ಈ ಮೂರು ಜಾತಿಯ ಮರಗಳೇ ಸಾಕು. ಕಮರದ ಎಲೆಯಲ್ಲಿ ಎರಡು ಬಿಡಿ ಎಸಳು. ಅರ್ಧಕ್ಕೆ ಸೀಳಿದ ಒಂದೇ ಎಲೆಯಾದರೆ ಅದು ಬಸವನಪಾದ.

ಎತ್ತರಕ್ಕೆ ಮೊಬೈಲನ್ನು ನಂಬಬೇಡಿ, ಹತ್ತಾರು ಮೀಟರ್ ತಪ್ಪುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 20 ಮೀಟರಿಗೊಂದು ಎತ್ತರದ ಗೆರೆ ಇರುತ್ತದೆ. ನೂರು ಮೀಟರಿಗೊಮ್ಮೆ, ಒಂದೇ ದಿಕ್ಕಿನ ಇಳಿಜಾರಿನಲ್ಲಿ, 10×10 ಮೀಟರ್ ಚೌಕ ಹಾಕಿ. ಕರ್ಣ 14.1 ಮೀಟರ್ ಬಂದರೆ ಮೂಲೆ ಸರಿ. ಹಗ್ಗವನ್ನು ನೆಲಕ್ಕೆ ಒರಗಿಸದೆ ಮಟ್ಟಸವಾಗಿ ಹಿಡಿಯಿರಿ. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ 10 ಮೀಟರ್ ನಿಜಕ್ಕೆ 8.7 ಮಾತ್ರ.

ಎಲ್ಲರೂ ಎಡವುವುದು ಎಣಿಕೆಯಲ್ಲಿ. ಮುತ್ತುಗದ ಬೇರಿನಿಂದಲೇ ಚಿಗುರು ಏಳುತ್ತದೆ. ಅದು ಹಳೇ ಮರದ ಕೊಂಬೆಯಿದ್ದಂತೆ, ಹೊಸ ಸಸಿಯಲ್ಲ. ಕುರ್ಚಿಗೆಯಿಂದ ಬುಡದ ಒಂದು ಬದಿಯಲ್ಲಿ ನಾಲ್ಕು ಬೆರಳು ಆಳ ಮಣ್ಣು ಸರಿಸಿ. ಬೇರು ನೇರ ಕೆಳಗಿಳಿದು ಸಣ್ಣದಾಗುತ್ತಿದ್ದರೆ ಬೀಜದ ಸಸಿ. ಅಡ್ಡಲಾಗಿ ಹೋದ ದಪ್ಪ ಬೇರಿನ ಮೇಲೆ ಕುಳಿತಿದ್ದರೆ ಬೇರುಚಿಗುರು. ನಾಲ್ಕೈದು ಸಾಲಾಗಿ ಎದ್ದಿದ್ದರಂತೂ ಅನುಮಾನವೇ ಬೇಡ. ಮಣ್ಣು ಕೂಡಲೇ ಮುಚ್ಚಿ. ಕೈ ಪಳಗುವವರೆಗೆ ಚೌಕದ ಹೊರಗೇ ಕೆದಕಿ. ಬುಡ ಹೆಬ್ಬೆರಳಿನಷ್ಟಿದ್ದು ಮೇಲೆ ಮೊಣಕಾಲೆತ್ತರದ ಚಿಗುರಷ್ಟೇ ಇದ್ದರೆ, ಆಡು ಮೇಯ್ದ ಅಥವಾ ಬೆಂಕಿ ತಗುಲಿದ ಹಳೇ ಗಿಡ. ಇವೆಲ್ಲಕ್ಕೂ ಪಟ್ಟಿಯಲ್ಲಿ ಬೇರೆ ಬೇರೆ ಕಾಲಂ ಇಡಿ. ಒಟ್ಟು ಸೇರಿಸಿ 'ಸಸಿ 40' ಎಂದು ಬರೆದ ಪಟ್ಟಿ ಕಸದ ಬುಟ್ಟಿಗೆ.

ಅಕ್ಟೋಬರಿನಲ್ಲಿ ಎಣಿಸಿ, ಪ್ರತಿ ಸಸಿಯ ಪಕ್ಕ ಕಡ್ಡಿ ನೆಟ್ಟು ನಂಬರ್ ಕಟ್ಟಿ. ಮಾರ್ಕರ್ ಪೆನ್ನಿನ ಬರಹ ಒಂದು ಬೇಸಿಗೆಗೆ ಬಿಳಿಚುತ್ತದೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಮೊಳೆಯಿಂದ ಗೀರಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಮೇ ಕೊನೆಗೆ ಮತ್ತೆ ಹೋಗಿ. ಬೇಸಿಗೆ ದಾಟಿದ ಸಸಿಯಷ್ಟೇ ಲೆಕ್ಕಕ್ಕೆ. ಒಂದು ವರ್ಷದ ಅಂಕಿಗೆ ಅರ್ಥವಿಲ್ಲ, ಐದಾರು ವರ್ಷ ಅದೇ ಚೌಕಕ್ಕೆ ಹೋಗಬೇಕು.

ಬಳ್ಳಾರಿ ಜಾಲಿ ಮೇಲಕ್ಕೇರಿದ್ದು ಕಂಡರೆ ಹವಾಮಾನದ ಲೆಕ್ಕಕ್ಕೆ ಬರೆಯಬೇಡಿ. ಅದರ ಕಾಯಿ ತಿಂದ ಆಡು ಹತ್ತಿದಲ್ಲೆಲ್ಲ ಅದೂ ಹತ್ತುತ್ತದೆ.