ನಾಳೆಯ ಮಂಜಿಗೆ ಇವತ್ತಿನ ಮಧ್ಯಾಹ್ನದ ಲೆಕ್ಕ

ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ ಚಳಿಗಾಲದ ಬೆಳಗಿನ ಹಾರಾಟದ ಸ್ಲಾಟ್ ಹಿಡಿಯುವವರಿಗೆ ಮಂಜೆಂದರೆ ಮೊದಲು ದುಡ್ಡಿನ ಮಾತು. ಸೆಸ್ನಾ 172 ಎಂಬ ಸಣ್ಣ ವಿಮಾನದ ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಕೊನೇ ಗಳಿಗೆಯಲ್ಲಿ ರದ್ದಾದರೆ ಅದರಲ್ಲೊಂದು ಪಾಲು ಹೋಯಿತು, ಮೇಲೆ ಟ್ಯಾಕ್ಸಿ ಖರ್ಚು. ಆ ನಷ್ಟದ ಯೋಚನೆಯಲ್ಲೇ ಅರೆಮಂಜಿನಲ್ಲಿ ಏರುವ ಮನಸ್ಸಾಗುತ್ತದೆ; ನಿಜವಾದ ಅಪಾಯ ಅದು. ಅದಕ್ಕೇ ಹಿಂದಿನ ಸಂಜೆಯೇ ತೀರ್ಮಾನಿಸುವ ದಾರಿ ಹುಡುಕಿದೆ.

ರಾತ್ರಿ ಉಷ್ಣಾಂಶಕ್ಕೂ ಡ್ಯೂ ಪಾಯಿಂಟ್‌ಗೂ (ಗಾಳಿಯ ತೇವ ನೀರಾಗತೊಡಗುವ ಉಷ್ಣಾಂಶ) ಇರುವ ಅಂತರ ನೋಡುವ ಮಾಮೂಲಿ ಕ್ರಮ ಕೈಕೊಟ್ಟಿತು. ಅಂತರ ಒಂದೇ ಡಿಗ್ರಿ ಉಳಿದರೂ ಬೆಳಗ್ಗೆ ಆಕಾಶ ನಿಚ್ಚಳ. ಇಬ್ಬನಿ ಬೀಳುತ್ತ ನೆಲದ ಹತ್ತಿರದ ಗಾಳಿ ಒಣಗಿ ಡ್ಯೂ ಪಾಯಿಂಟೂ ಜೊತೆಗೇ ಇಳಿಯುತ್ತದೆ. ಮೊಬೈಲ್ ಆ್ಯಪ್‌ಗಳು ಇನ್ನೂ ಕಡೆ.

ಕೆಲಸಕ್ಕೆ ಬಂದದ್ದು ಅಮೆರಿಕದ ಯುಪಿಎಸ್ ಕಂಪನಿಯ ಸರಕು ವಿಮಾನಗಳ ಹವಾಮಾನ ತಜ್ಞರ ಕ್ರಾಸ್‌ಓವರ್ ಲೆಕ್ಕ: ರಾತ್ರಿಯ ಉಷ್ಣಾಂಶ ಮಧ್ಯಾಹ್ನದ ಡ್ಯೂ ಪಾಯಿಂಟ್‌ಗಿಂತ ಕೆಳಗಿಳಿದರೆ ಮಂಜು. ‘ಅಮೆರಿಕದ ಲೆಕ್ಕ ನಮ್ಮ ಬಯಲುಸೀಮೆಗೆ ಒಗ್ಗಲ್ಲ ಸಾರ್’ ಎಂದ ಪೈಲಟ್‌ಗಳೇ ಈಗ ಸಂಜೆ ಫೋನ್ ಮಾಡಿ ಕೇಳುತ್ತಾರೆ. ದೇವನಹಳ್ಳಿ ವಿಮಾನ ನಿಲ್ದಾಣದ ಮೆಟಾರ್‌ನಲ್ಲಿ, ಅಂದರೆ ಹವಾಮಾನ ವರದಿಯಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕರೊಳಗಿನ ಅತಿ ಕಡಿಮೆ ಡ್ಯೂ ಪಾಯಿಂಟ್ ಬರೆದಿಡಿ. ಅದು 16 ಇದ್ದು, ರಾತ್ರಿಯ ಕನಿಷ್ಠ ಉಷ್ಣಾಂಶದ ಮುನ್ಸೂಚನೆ 14 ಇದ್ದರೆ ಸ್ಲಾಟ್ ಬಿಟ್ಟುಬಿಡುತ್ತೇನೆ. ಮೆಟಾರ್ ಪೂರ್ಣ ಡಿಗ್ರಿಯನ್ನಷ್ಟೇ ಕೊಡುವುದರಿಂದ ಒಂದು ಡಿಗ್ರಿಯ ವ್ಯತ್ಯಾಸವನ್ನು ನಂಬುವುದಿಲ್ಲ. ಗಾಳಿ ಎಂಟು-ಹತ್ತು ನಾಟ್ ಬೀಸಿದರೆ ಮಂಜಿನ ಬದಲು ತಗ್ಗಿನ ಸ್ಟ್ರೇಟಸ್ ಮೋಡ ಕೂರುತ್ತದೆ; ರಾತ್ರಿ ಮೋಡ ಮುಚ್ಚಿದರೆ ಲೆಕ್ಕವೇ ಬುಡಮೇಲು. ಮಳೆಯ ಮರುದಿನಕ್ಕೆ ಬೇರೆ ತಿದ್ದುಪಡಿ ಇಟ್ಟುಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ನೆನಪಿನ ಮೇಲೆ ಹೇಳುವುದಾದರೆ ಹತ್ತು ಬೆಳಗಿನಲ್ಲಿ ಎಂಟು ಸರಿ ಬಂದಿವೆ.

ಹುಲ್ಲಿನ ಮೇಲೊಂದು, ಎದೆಮಟ್ಟದಲ್ಲೊಂದು ಥರ್ಮಾಮೀಟರ್ ಇಟ್ಟೂ ನೋಡಿದೆ. ಹುಲ್ಲಿನದು ಮೂರು-ನಾಲ್ಕು ಡಿಗ್ರಿ ಕಡಿಮೆ ತೋರಿಸಿತು. ಇಬ್ಬನಿಯ ಹೊತ್ತು ತಿಳಿಯಿತೇ ಹೊರತು ಮಂಜಿನದು ತಿಳಿಯಲಿಲ್ಲ.

ಮಂಜು ನೆಲ ಬಿಟ್ಟು ಮೇಲೇಳುವ ಗಳಿಗೆ ಇನ್ನೂ ಕೆಟ್ಟದ್ದು. ಸೂರ್ಯ ಹುಟ್ಟಿದೊಡನೆ ಒಮ್ಮೆ ದಟ್ಟವಾಗಿ, ಆಮೇಲೆ ಮೇಲೆದ್ದು 300-500 ಅಡಿಯಲ್ಲಿ ಮೋಡವಾಗಿ ನಿಲ್ಲುತ್ತದೆ. ಕೆಳಗೆ ರನ್‌ವೇ ಪೂರ್ತಿ ಕಾಣುತ್ತದೆ. ಏರಿದರೆ ಸರ್ಕ್ಯೂಟ್‌ನ (ರನ್‌ವೇ ಸುತ್ತ ಹಾರುವ ಹಾದಿ) ಸಾವಿರ ಅಡಿ ಮುಟ್ಟುವ ಮೊದಲೇ ಕ್ಷಿತಿಜ ಮಾಯ. ಉಷ್ಣಾಂಶಕ್ಕೂ ಡ್ಯೂ ಪಾಯಿಂಟ್‌ಗೂ ಇರುವ ಅಂತರದಿಂದ ಮೋಡದ ತಳ ಎಣಿಸುವ, ಡಿಗ್ರಿಗೆ 400 ಅಡಿಯ ಸೂತ್ರವನ್ನು ಆ ಹೊತ್ತಿನಲ್ಲಿ ನೆಚ್ಚಬೇಡಿ, ಬಿಸಿಲು ಗಾಳಿಯನ್ನು ಚೆನ್ನಾಗಿ ಕಲಕಿದ ಮೇಲಷ್ಟೇ ಅದು ಹೊಂದುತ್ತದೆ. ನಾನು ನಂದಿಬೆಟ್ಟ ನೋಡುತ್ತೇನೆ. ಸಮುದ್ರಮಟ್ಟದಿಂದ ಅದರ ನೆತ್ತಿ ಸುಮಾರು 4,850 ಅಡಿ, ನಮ್ಮ ನೆಲ 3,000. ನೆತ್ತಿ ಕಂಡರೆ ಅಲ್ಲಿ ಮೋಡದ ತಳ ನಮ್ಮಿಂದ 1,800 ಅಡಿಗೂ ಮೇಲಿದೆ. ಸರ್ಕ್ಯೂಟ್‌ಗೆ ಸಾವಿರ, ಮೋಡದಿಂದ ದೂರಕ್ಕೆ ಇನ್ನೊಂದು ಸಾವಿರ ಬೇಕಾದ್ದರಿಂದ ಅಷ್ಟೂ ಸಾಲದು. ದೇವನಹಳ್ಳಿಯ ಮೆಟಾರ್ ಮೋಡದ ತಳ 2,000 ಅಡಿ ತೋರಿಸುವವರೆಗೆ ಎಂಜಿನ್ ಸ್ಟಾರ್ಟ್ ಮಾಡುವುದಿಲ್ಲ.