ಕಾರ್ಡ್ ಜೇಬಲ್ಲೇ ಇತ್ತು, ದುಡ್ಡು ಮಾತ್ರ ಹೋಗಿತ್ತು

ನಾನು ಕಾಲೇ ಇಡದ ಊರಿನ ಎಟಿಎಮ್‌ನಲ್ಲಿ ನನ್ನ ಖಾತೆಯಿಂದ ಎರಡು ಸಲ ಹಣ ಡ್ರಾ ಆಗಿತ್ತು. ಒಂದು ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮುಂಚೆ, ಇನ್ನೊಂದು ಸ್ವಲ್ಪ ಆಮೇಲೆ. ದಿನದ ಮಿತಿ ತಪ್ಪಿಸೋಕೆ ಕಳ್ಳರು ಮಾಡುವ ಉಪಾಯವಿದು. ಮೆಸೇಜ್ ನೋಡಿದ ತಕ್ಷಣ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿದೆ. ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಂಡೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿದೆ.

ಬೆಳಗ್ಗೆ ಶಾಖೆಯಲ್ಲಿ, "ಪಿನ್ ಹಾಕಿಯೇ ತೆಗೆದಿದ್ದಾರೆ ಸರ್, ನೀವೇ ಯಾರಿಗಾದ್ರೂ ಹೇಳಿರಬೇಕು" ಎಂದರು. ಜಾಸ್ತಿ ಜನ ಇಲ್ಲೇ ಸೋತು ವಾಪಸ್ ಬರುವುದು. ನಾನು ಸುಮ್ನೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಿಂಟ್ ಮುಂದಿಟ್ಟೆ. ತಪ್ಪು ಗ್ರಾಹಕನದೇ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಎಂದು ಅದರಲ್ಲಿತ್ತು. ಹೊರಗಿನವರ ಕೈವಾಡವಾಗಿದ್ದು, 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಮ್ಮ ಮೇಲೆ ಒಂದು ಪೈಸೆಯ ಹೊರೆಯೂ ಇಲ್ಲ ಎಂದಿತ್ತು. ತಿಳಿಸಿದ 10 ಕೆಲಸದ ದಿನಗಳೊಳಗೆ ಅಷ್ಟೂ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕಿತ್ತು. 90 ದಿನದಲ್ಲಿ ದೂರು ಇತ್ಯರ್ಥವಾಗಬೇಕಿತ್ತು.

ಅರ್ಜಿಗೆ ಒಂದು ಚೀಟಿ ಲಗತ್ತಿಸಿದೆ. ಅದೇ ರಾತ್ರಿ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಇದೇ ಕಾರ್ಡ್ ಉಜ್ಜಿದ ರಸೀದಿ. ಶಾಯಿ ಮಾಸಿದ್ದರೂ ಸಮಯ ಓದಲು ಬರುತ್ತಿತ್ತು. ಅಸಲಿ ಕಾರ್ಡ್ ಇಲ್ಲಿದ್ದರೆ ಅಲ್ಲಿದ್ದದ್ದು ನಕಲಿಯೇ ಅಲ್ವಾ? ಎಟಿಎಮ್‌ನ ಸಿಸಿಟಿವಿ ದೃಶ್ಯ ಅಳಿಸದೆ ಇಡಿ ಎಂದೂ ಬರೆದೆ. ನನ್ನ ಪ್ರತಿಗೆ ಸೀಲ್ ಹಾಕಿಸಿಕೊಂಡೆ.

ಹಣ ಮೊದಲು ತಾತ್ಕಾಲಿಕವಾಗಿ ಬಂತು, ಆಮೇಲೆ ಖಾಯಂ ಆಯಿತು. 30 ದಿನ ಕಳೆದರೂ ಬ್ಯಾಂಕ್ ಉತ್ತರಿಸದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ನನಗೆ ಅದರ ಅಗತ್ಯ ಬೀಳಲಿಲ್ಲ.