ಗೋಡೆ ಕರಗಿದರೂ ಪೆರೆಗುನ್ ಉಳಿದಿತ್ತು

ಕೊನೆಗೂ ಪಾಳೆಯದ ಅಂಚು ಸಿಕ್ಕಿತು. ನೈಜೀರಿಯಾದ ಯೊರೂಬಾ ನಾಡಿನ ಕಿರಿಜಿ ಯುದ್ಧದ್ದು. ಇಬಾದಾನ್ ನಗರ ಒಂದು ಕಡೆ, ಎಕಿತಿ, ಇಜೇಶಾ ಮೊದಲಾದ ಜನರ ಎಕಿತಿಪರಪೊ ಒಕ್ಕೂಟ ಇನ್ನೊಂದು ಕಡೆ, 1877ರಿಂದ 1893ರವರೆಗೆ ಎಳೆದಾಡಿದ ಕಾಳಗ. ತೋಪಿನ ಸದ್ದಿನಿಂದಲೇ ಕಿರಿಜಿ ಅನ್ನುವ ಹೆಸರು ಬಂತು. ಗಿಡ ನೋಡಿ ಪಾಳೆಯ ಹುಡುಕುತ್ತೇನೆ ಅಂದಾಗ ತಂಡದಲ್ಲಿ ಒಬ್ಬರೂ ನಂಬಲಿಲ್ಲ.

ಮೊದಲ ವರ್ಷ ನಾನೂ ಡ್ರೋನ್ ಹಾರಿಸಿದೆ. ಇಗ್ಬಾಜೊ, ಇಮೆಸಿ-ಇಲೆ ಕಡೆಯ ಗುಡ್ಡಗಳಲ್ಲಿ ಮೇಲೆ ಕಾಡು, ಕೆಳಗೆ ಕೋಕೋ ತೋಟ, ಫೋಟೋ ತುಂಬ ಬರೀ ಎಲೆ. ಸುಮಾರು ಮೂರೂವರೆ ಲಕ್ಷ ನೈರಾ ಹೋಯಿತು. ಆಮೇಲೆ ಲೋಹ ಹುಡುಕುವ ಯಂತ್ರ. ಹನ್ನೊಂದು ದಿನಕ್ಕೆ ಎರಡು ಚೀಲ ಬಾಟಲಿ ಮುಚ್ಚಳ, ಬೇಟೆಯವರ ಬಂದೂಕಿನ ತೋಟಾ ಸಿಪ್ಪೆ. ಒಂದೇ ಒಂದು ಸೀಸದ ಗುಂಡು ಸಿಕ್ಕಿತು, ಒಂದು ಬದಿ ಚಪ್ಪಟೆಯಾಗಿ, ಹುಣಸೆ ಬೀಜದಷ್ಟಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ.

ತೋಟದ ಹಿರಿಯರೊಬ್ಬರು, ಎಲ್ಲರಂತೆ ನಾನೂ ಬಾಬಾ ಅಂತಿದ್ದೆ, ಒಂದು ದಿನ ಕರೆದು ಪೆರೆಗುನ್ ಗಿಡ ತೋರಿಸಿದರು. "ಗೋಡೆ ಕರಗುತ್ತೆ, ಇದು ಕರಗಲ್ಲ" ಅಂದರು. ಮನೆದೇವರ ಜಾಗಕ್ಕೆ, ಎಲ್ಲೆಗೆ ಅಂತ ನೆಡುವ ಗಿಡ ಅದು. ಕಡ್ಡಿ ಚುಚ್ಚಿದರೆ ಸಾಕು, ಚಿಗುರುತ್ತೆ. ಆ ಪಾಳೆಯಗಳು ಬರೀ ಗುಡಾರವಲ್ಲ, ಮಣ್ಣಿನ ಮನೆ, ಸಂಸಾರ, ಸಂತೆ ಎಲ್ಲ ಇದ್ದ ಊರುಗಳೇ. ಅಲ್ಲಿಯವರು ಒರಿಲೆ ಅನ್ನುವುದು ನಮ್ಮ ಹಾಳೂರಿನ ಥರ. ನಮ್ಮ ಕಡೆ ಹುಣಸೆಮರ, ಬೋಕಿ ನೋಡಿ ಹೇಳಲ್ವಾ, ಹಾಗೆ.

ನಡುವೆ ಇನ್ನೊಂದು ಪ್ರಯತ್ನವನ್ನೂ ಮಾಡಿದೆ. ಮೊದಲ ಮಳೆ ಬಂದ ಮೂರನೇ ದಿನ ನಡೆದರೆ ಮುಚ್ಚಿಹೋದ ಕಂದಕದಲ್ಲಿ ಮಣ್ಣು ಇನ್ನೂ ಹಸಿ ಇರುತ್ತೆ, ಚಪ್ಪಲಿಗೆ ಅಂಟುತ್ತೆ. ಎರಡು ಕಡೆ ಕೆಲಸ ಮಾಡಿತು, ಕಲ್ಲು ಜಾಸ್ತಿ ಇರೋ ಕಡೆ ಇಲ್ಲ. ಪೆರೆಗುನ್ ಸಾಲು, ಹಸಿ ಮಣ್ಣು, ಮಡಕೆ ಚೂರು ಮೂರೂ ಒಂದೇ ಗೆರೆಗೆ ಬಂದಾಗ ಅಗೆದೆ. ಮೊಣಕಾಲುದ್ದ ಹೋಗುವಷ್ಟರಲ್ಲಿ ಗೋಡೆಯ ಬುಡ ಬಂತು! ಈಚಿನ ತೋಟದ ಬೇಲಿಯನ್ನೂ ಹಳೆಯದನ್ನೂ ಹೇಗೆ ಬೇರೆ ಮಾಡುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಹಳೇ ಸಾಮಾನು ಮಾರುವವರೂ ಓದುತ್ತಾರೆ.

ಅದು ನನಗೆ ಪೆಟ್ಟು ತಿಂದು ಬಂದ ಬುದ್ಧಿ. ಮೊದಲ ವರ್ಷ ಒಂದು ಜಾಗಕ್ಕೆ ಚೆಂದದ ಬೋರ್ಡ್ ಹಾಕಿಸಿದ್ದೆ. ತಿಂಗಳೊಳಗೆ ಸುತ್ತ ಏಳೆಂಟು ಗುಂಡಿ ಬಿದ್ದವು. ಈಗ ಬೋರ್ಡ್ ಇಲ್ಲ. ತೋಟದವರ ಜೊತೆ ಮಾತಾಡಿ ಪೆರೆಗುನ್ ಸಾಲಿನ ಎರಡೂ ಬದಿ ನಾಲ್ಕು ಹೆಜ್ಜೆ ಉಳುಮೆ ಬಿಡಿಸಿದ್ದೇನೆ, ಬದಲಿಗೆ ಕೋಕೋ ಸಸಿ ಕೊಟ್ಟೆ. ಎಲ್ಲ ಸೇರಿ ಅರವತ್ತು ಸಾವಿರ ನೈರಾ ಆಗಿರಬಹುದು. ಎರಡು ಮಳೆಗಾಲ ಕಳೆದವು, ಒಂದು ಗುಂಡಿಯೂ ಬಿದ್ದಿಲ್ಲ. ಸಾಲು ಎಲ್ಲಿ ಕಡಿದಿತ್ತೋ ಅಲ್ಲಿ ಬಾಬಾ ಹೊಸ ಕಡ್ಡಿ ಚುಚ್ಚಿದ್ದಾರೆ.